ಆಕಾಶದ ಅಂಗಿಗೆ ಹಲಸಿನ ಮಯಣ

ಹೊಲಿಗೆ ಟೀಚರ್ ಅಂದರೆ ಮೂಲೆಯಲ್ಲಿ ತಲೆ ತಗ್ಗಿಸಿ ಕೂತು ಕಾಜ ಹೊಲಿಯುವವಳು, ಅವಳ ಬದುಕಿನಲ್ಲಿ ನಗುವಂಥದ್ದು ಎಂತ ಆಗ್ತದೆ ಅಂತ ಜನ ಕೇಳ್ತಾರೆ. ಆಗ್ತದೆ ಮಾರಾಯ್ರೇ, ನಮಗೇ ಆಗುವುದು! ಸೂಜಿ ಹಿಡಿದವಳೊಬ್ಬಳು ಊರಿನಲ್ಲಿ ಇದ್ದಾಳೆ ಅಂತ ಗೊತ್ತಾದರೆ ಹರಿದದ್ದನ್ನೆಲ್ಲ ತಂದು ಅವಳ ಮಡಿಲಿಗೇ ಹಾಕುವುದು. ಶಾಲೆಯ ಬಾವುಟದಿಂದ ಹಿಡಿದು ಹೆಡ್‌ಮಾಷ್ಟ್ರ ಕೊಡೆಯವರೆಗೆ ನಾನು ಹೊಲಿಯದ್ದು ಯಾವುದೂ ಇಲ್ಲ. ಆದರೆ ಚಂದ್ರಲೋಕಕ್ಕೆ ಹೋಗುವವನಿಗೆ ಅಂಗಿ ಹೊಲಿದ ಟೀಚರ್ ಈ ಸೀಮೆಯಲ್ಲಿ ನಾನೊಬ್ಬಳೇ. ಇದನ್ನು ನಾನು ನಾಚಿಕೆ ಇಲ್ಲದೆ ಹೇಳ್ತೇನೆ.

ಮೂಡಬಿದ್ರೆಯಿಂದ ತೋಡಾರಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಹೈಸ್ಕೂಲು. ನಾನು ಅಳದಂಗಡಿಯವಳು, ಹೊಲಿಗೆ ತರಬೇತಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಂಗಳೂರಿನಿಂದ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ನನ್ನ ತರಗತಿಯ ಬಾಗಿಲಲ್ಲಿ ನಿಂತು, "ಹೊಲಿಗೆ ಕಲಿಸಲು ಬೇರೆ ಟೀಚರ್ ಯಾಕೆ? ಮನೆಯಲ್ಲಿ ತಾಯಿ ಇಲ್ವಾ?" ಅಂತ ಕೇಳಿದರು. ಇರುವ ಒಂದು ಕತ್ತರಿ ಬೆಣ್ಣೆಯನ್ನೂ ಕತ್ತರಿಸುವುದಿಲ್ಲ, ಹೊಸದು ಕೊಡಿ ಸಾರ್ ಅಂದದ್ದಕ್ಕೆ, "ಅಗತ್ಯ ಇಲ್ಲ" ಅಂದರು. ಹೋಗುವಾಗ ಹೆಡ್‌ಮಾಷ್ಟ್ರಿಗೆ ಹೇಳಿದ್ದು ಇಷ್ಟು: "ಬರುವ ವರ್ಷ ವಾರ್ಷಿಕೋತ್ಸವಕ್ಕೆ ಬರ್ತೇನೆ. ಈ ಹುದ್ದೆಯಿಂದ ಎಂತಾದರೂ ಉಪಯೋಗ ಕಂಡರೆ ಸರಿ. ಇಲ್ಲದಿದ್ದರೆ ಜೂನ್‌ನಿಂದ ಇಲ್ಲ."

ನನ್ನ ಅಣ್ಣನಿಗೆ ಸುದ್ದಿ ಮುಟ್ಟಿತು. "ಕೆಲಸ ಹೋದರೆ ಮನೆಗೆ ಬಾ, ಗಂಡು ನೋಡಿಟ್ಟಿದ್ದೇನೆ" ಅಂದ. ಆ ಗಂಡನ್ನು ನಾನೂ ನೋಡಿದ್ದೆ. ಹಾಗಾಗಿ ಏನಾದರೂ ಮಾಡಿ ಕೆಲಸ ಉಳಿಸಿಕೊಳ್ಳಬೇಕು ಅಂತ ಹಠ ಹಿಡಿದೆ.

೧. ಅಳತೆ

ಮನುಷ್ಯ ಆಕಾಶಕ್ಕೆ ಹಾರಿ ಭೂಮಿಗೆ ಸುತ್ತು ಹಾಕಿ ಬಂದ ಸುದ್ದಿ ಬಂದು ಸ್ವಲ್ಪ ಕಾಲ ಆಗಿತ್ತು. ನಮ್ಮ ವಿಜ್ಞಾನದ ಮಾಷ್ಟ್ರಿಗೆ ಆ ಹುಚ್ಚು ಇಳಿದಿರಲಿಲ್ಲ. ವಾರ್ಷಿಕೋತ್ಸವಕ್ಕೆ ಚಂದ್ರಲೋಕದ ಯಾತ್ರೆಯ ನಾಟಕ ಬರೆದರು. ಪತ್ರಿಕೆಯಲ್ಲಿ ಬಂದ ಚಿತ್ರವೊಂದನ್ನು ನನ್ನ ಮೇಜಿನ ಮೇಲೆ ಇಟ್ಟು, "ಟೀಚರೇ, ಇದನ್ನು ಹೊಲಿಯಬೇಕು" ಅಂದರು. ಚಿತ್ರ ಎಷ್ಟು ಮಸುಕು ಅಂದರೆ, ಆ ಮನುಷ್ಯ ಹಾಸಿಗೆ ಸುತ್ತಿಕೊಂಡು ನಿಂತ ಹಾಗೆ ಕಾಣ್ತಿದ್ದ.

"ಹೊಲಿಯುವ" ಅಂದೆ. ಇನ್‌ಸ್ಪೆಕ್ಟರಿಗೆ ಉಪಯೋಗ ತೋರಿಸಲು ಇದಕ್ಕಿಂತ ದೊಡ್ಡದು ಎಂತ ಬೇಕು?

ಯಾತ್ರಿಕನ ಪಾತ್ರಕ್ಕೆ ಡ್ರಿಲ್ ಮಾಷ್ಟ್ರು. ಆರಡಿ ಆಳು, ದೊಡ್ಡ ಮೀಸೆ, ಅದಕ್ಕೆ ತಕ್ಕ ಹೊಟ್ಟೆ. ಆ ಕಾಲದಲ್ಲಿ ಮದುವೆಯಾಗದ ಟೀಚರ್ ಪರ ಗಂಡಸಿನ ಮೈಗೆ ಟೇಪು ಹಿಡಿಯುವುದುಂಟಾ? ಹಾಗಾಗಿ ವಿಜ್ಞಾನದ ಮಾಷ್ಟ್ರು ಒಳಗೆ ಅಳತೆ ತೆಗೆದು ಕೂಗುವುದು, ನಾನು ಬಾಗಿಲ ಹೊರಗೆ ನಿಂತು ಬರೆದುಕೊಳ್ಳುವುದು ಅಂತ ಮಾಡಿದೆವು. ಎದೆ ಸುತ್ತಳತೆ ಕೇಳಿ ಖುಷಿಯಾಯಿತು, ಸೊಂಟದ ಅಳತೆ ಕೇಳಿ ಆಶ್ಚರ್ಯವಾಯಿತು. ಇರಲಿ, ಕಣ್ಣಿಗೆ ಕಂಡದ್ದೆಲ್ಲ ನಿಜ ಅಲ್ಲ ಅಂದುಕೊಂಡೆ.

ಹಳೆಯ ಪಂಚೆಯಲ್ಲಿ ಒಂದು ಮಾದರಿ ಹೊಲಿದೆ. ನಾನು ಕಲಿಸುವುದು ಹೆಣ್ಣುಮಕ್ಕಳ ಫ್ರಾಕು, ಆದ್ದರಿಂದ ಅಭ್ಯಾಸ ಬಲದಲ್ಲಿ ಹುಕ್ಕು ಬೆನ್ನಿಗೆ ಬಂತು. "ನಾನು ಫ್ರಾಕು ಹಾಕುವುದಾ?" ಅಂತ ಡ್ರಿಲ್ ಮಾಷ್ಟ್ರು ಮೀಸೆ ಕುಣಿಸಿದರು. "ಮೇಲೆ ಯಾರು ನೋಡ್ತಾರೆ ಸಾರ್" ಅಂತ ಸಮಾಧಾನ ಮಾಡಿದೆ. ಹಾಕಿದರು. ಅಚ್ಚು ಹೊಯ್ದ ಹಾಗೆ ಕೂತಿತು! ಹೆಡ್‌ಮಾಷ್ಟ್ರು ಅವರ ಬೆನ್ನ ಹಿಂದೆ ಹೋಗಿ ಬಗ್ಗಿ ಹುಕ್ಕು ಪರೀಕ್ಷಿಸುತ್ತ, "ಭೇಷ್, ಇನ್ನು ಆರಾಮಾಗಿ ನಿಲ್ಲಿ" ಅಂದರು.

ಡ್ರಿಲ್ ಮಾಷ್ಟ್ರು ಆರಾಮಾಗಿ ನಿಂತರು. ಹೊಟ್ಟೆ ಅದರ ಜಾಗಕ್ಕೆ ಬಂತು. ಬೆನ್ನಿನ ಹುಕ್ಕುಗಳು ಟಪಟಪ ಹಾರಿ ಒಂದು ಹೆಡ್‌ಮಾಷ್ಟ್ರ ಕನ್ನಡಕಕ್ಕೇ ಬಡಿಯಿತು. ಆಮೇಲೆ ಗೊತ್ತಾಯಿತು, ಟೇಪು ಮೈಗೆ ಮುಟ್ಟಿದ ಕೂಡಲೇ ಅವರು ಅಭ್ಯಾಸದಂತೆ ಅಟೆನ್ಶನ್‌ನಲ್ಲಿ ನಿಂತಿದ್ದರು, ಎದೆ ಮುಂದೆ, ಹೊಟ್ಟೆ ಒಳಗೆ.

"ಈಗ ಎಂತ ಮಾಡುವುದು ಟೀಚರೇ?" ಅಂತ ವಿಜ್ಞಾನದ ಮಾಷ್ಟ್ರು ಕೇಳಿದರು.

"ಬಟ್ಟೆ ಜಾಸ್ತಿ ಕೊಟ್ಟರೆ ದೊಡ್ಡದು ಹೊಲಿಯುತ್ತೇನೆ. ಇಲ್ಲದಿದ್ದರೆ ಇವರು ಚಂದ್ರಲೋಕದವರೆಗೆ ಅಟೆನ್ಶನ್‌ನಲ್ಲೇ ಹೋಗಬೇಕು" ಅಂದೆ.

೨. ಕೊಡೆಬಟ್ಟೆ

ಮೇಲೆ ಗಾಳಿ ಇಲ್ಲವಂತೆ. ಅಂಗಿಯ ಒಳಗೇ ಗಾಳಿ ತುಂಬಿಸಬೇಕಂತೆ, ಅದು ಸೋರಬಾರದಂತೆ. ವಿಜ್ಞಾನದ ಮಾಷ್ಟ್ರು ಇದನ್ನು ಹೇಳಿದಾಗ ನನಗೆ ಹೊಳೆದದ್ದು ಕೊಡೆಬಟ್ಟೆ. ನೀರು ಬಿಡದ ಬಟ್ಟೆ ಗಾಳಿಯನ್ನು ಅಷ್ಟು ಸುಲಭಕ್ಕೆ ಬಿಡ್ತದಾ? ಬಂಟ್ವಾಳ ಪೇಟೆಯಲ್ಲಿ ಕೊಡೆ ರಿಪೇರಿಯ ಕಾಕ ಒಬ್ಬರಿದ್ದರು. ಬಸ್ಸು ಹತ್ತಿ ಹೋದೆ.

ನಾನು ಕೇಳಿದ ಬಟ್ಟೆಯ ಅಳತೆಗೆ ಕಾಕ ಕನ್ನಡಕ ಏರಿಸಿದರು. "ಇಡೀ ಶಾಲೆಗೆ ಒಂದೇ ಕೊಡೆಯಾ ಟೀಚರೇ?"

"ಕೊಡೆಗೆ ಅಲ್ಲ ಕಾಕ, ಚಂದ್ರಲೋಕಕ್ಕೆ ಹೋಗುವವರ ಅಂಗಿಗೆ."

ಕಾಕ ಸ್ವಲ್ಪವೂ ಗಾಬರಿಯಾಗಲಿಲ್ಲ. ಬಂಟ್ವಾಳದಲ್ಲಿ ನೇತ್ರಾವತಿಯ ನೆರೆ ಕಂಡವರು ಸಣ್ಣದಕ್ಕೆಲ್ಲ ಗಾಬರಿಯಾಗುವುದಿಲ್ಲ. ಬಟ್ಟೆ ಬಿಡಿಸುತ್ತ ಕೇಳಿದರು, "ಚಂದ್ರಲೋಕ ಇರುವುದು ಮೋಡದ ಮೇಲಾ, ಕೆಳಗಾ?"

"ಮೇಲೆ. ಎಷ್ಟೋ ಮೇಲೆ."

"ಮೋಡದ ಮೇಲೆ ಮಳೆ ಉಂಟಾ?"

"ಇಲ್ಲ."

"ಹಾಗಾದರೆ ಕೊಡೆಬಟ್ಟೆ ಯಾಕೆ?"

ಗಾಳಿಯ ಕಥೆ ಬಿಡಿಸಿ ಹೇಳಲು ಹೋದರೆ ಮೂಡಬಿದ್ರೆಯ ಬಸ್ಸು ತಪ್ಪುತ್ತಿತ್ತು. "ಹೋಗುವಾಗಲೂ ಬರುವಾಗಲೂ ಮೋಡ ದಾಟಿಯೇ ಹೋಗಬೇಕಲ್ಲ ಕಾಕ" ಅಂದೆ. ಕಾಕ ತಲೆದೂಗಿ, ಒಂದು ತುಂಡು ಜಾಸ್ತಿಯೇ ಕತ್ತರಿಸಿ ಕೊಟ್ಟರು. "ಬರುವಾಗ ಜೂನ್ ಆದರೆ?" ಅಂದರು.

೩. ಒಂದೂವರೆ ಗಂಟೆಗೊಂದು ಊಟ

ಡ್ರಿಲ್ ಮಾಷ್ಟ್ರು ಜೈನರು. ಸೂರ್ಯ ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು, ಮುಳುಗಿದ ಮೇಲೆ ಏನೂ ಮುಟ್ಟುವ ಹಾಗಿಲ್ಲ. ಅವರ ಮನೆ ಶಾಲೆಯ ಬೆನ್ನಿಗೇ ಇತ್ತು. ಸಂಜೆಯಾದರೆ ಅವರ ತಾಯಿ ಬೇಲಿಯ ಹತ್ತಿರ ಬಂದು, ಸೂರ್ಯನನ್ನೊಮ್ಮೆ ಮಗನನ್ನೊಮ್ಮೆ ನೋಡುತ್ತ ನಿಲ್ಲುತ್ತಿದ್ದರು. ನಾಟಕದ ಅಭ್ಯಾಸ ಉದ್ದವಾದರೆ, "ಸಾಕು, ಸೂರ್ಯ ಇಳಿದ" ಅಂತ ಕೂಗುತ್ತಿದ್ದರು. ಹೆಡ್‌ಮಾಷ್ಟ್ರೂ ಆ ಕೂಗಿಗೆ ಎದುರು ಮಾತಾಡುತ್ತಿರಲಿಲ್ಲ.

ಒಂದು ಸಂಜೆ ತಾಯಿ ಬೇಲಿ ದಾಟಿ ಒಳಗೇ ಬಂದರು. "ಅಲ್ಲ ಮಾಷ್ಟ್ರೇ, ಅಲ್ಲಿ ಇವನ ಊಟದ ವ್ಯವಸ್ಥೆ ಹೇಗೆ?" ನಾಟಕ ಅಂತ ಅವರಿಗೆ ಗೊತ್ತಿತ್ತು. ಆದರೆ ಮಗ ಎಲ್ಲಿಗೆ ಹೋದರೂ, ನಾಟಕದಲ್ಲಿ ಹೋದರೂ, ತಾಯಂದಿರಿಗೆ ಮೊದಲು ಊಟದ್ದೇ ಚಿಂತೆ.

ವಿಜ್ಞಾನದ ಮಾಷ್ಟ್ರು ಉತ್ಸಾಹದಿಂದ ಸುರು ಮಾಡಿದರು. ಭೂಮಿಗೆ ಸುತ್ತು ಹಾಕುವಾಗ ಅಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಸೂರ್ಯ ಹುಟ್ಟಿ, ಒಂದೂವರೆ ಗಂಟೆಗೊಮ್ಮೆ ಮುಳುಗುತ್ತಾನೆ ಅಂತ ವಿವರಿಸಿದರು. ಕೈಯಲ್ಲಿ ತೆಂಗಿನಕಾಯಿ ಹಿಡಿದು ತಿರುಗಿಸಿ ತೋರಿಸಿದರು.

"ಅಯ್ಯೋ ದೇವರೇ, ಒಂದೂವರೆ ಗಂಟೆಗೊಮ್ಮೆ ಊಟ ನಿಲ್ಲಿಸುವುದಾ! ಮಗು ಒಣಗಿ ಹೋಗ್ತಾನೆ" ಅಂತ ತಾಯಿ ಎದೆ ಹಿಡಿದುಕೊಂಡರು.

ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿದೆ. "ಅಮ್ಮ, ನೀವು ಹಾಗೆ ಯಾಕೆ ಲೆಕ್ಕ ಹಾಕ್ತೀರಿ? ಪ್ರತೀ ಸಲ ಸೂರ್ಯ ಮುಳುಗುವ ಮೊದಲು ಒಂದು ಊಟ. ಅಂದರೆ ಒಂದೂವರೆ ಗಂಟೆಗೊಂದು ಊಟ ಆಯಿತಲ್ಲ."

ಅದುವರೆಗೆ ಗೋಡೆಗೆ ಒರಗಿದ್ದ ಡ್ರಿಲ್ ಮಾಷ್ಟ್ರು ನೆಟ್ಟಗೆ ನಿಂತು ಕೇಳಿದರು, "ನಿಜವಾಗಿ ಹೋಗುವವರನ್ನು ಎಲ್ಲಿ ಆರಿಸ್ತಾರೆ?"

೪. ಹೊಲಿಗೆಯ ತೂತು

ಅಂಗಿ ತಯಾರಾಯಿತು. ಒಳಗೆ ಕೊಡೆಬಟ್ಟೆ, ಹೊರಗೆ ಬಿಳಿ ಬಟ್ಟೆ. ನೋಡಲು ಚಂದವೋ ಚಂದ! ವಿಜ್ಞಾನದ ಮಾಷ್ಟ್ರು ಕುತ್ತಿಗೆಯನ್ನು ಹಗ್ಗದಲ್ಲಿ ಕಟ್ಟಿ, ಸೈಕಲ್ ಪಂಪಿನಲ್ಲಿ ಗಾಳಿ ತುಂಬಿಸಿದರು. ಒಂದು ಕಡೆಯಿಂದ ತುಂಬಿಸಿದ್ದು ಎಲ್ಲ ಕಡೆಯಿಂದ ಸುಯ್ ಅಂತ ಹೊರಗೆ ಬಂತು.

ಮಾಷ್ಟ್ರು ಅಂಗಿಯ ಮೇಲೆ ಕಿವಿ ಇಟ್ಟು ಆಲಿಸಿದರು. "ಸೂಜಿ ಹೋದಲ್ಲೆಲ್ಲ ತೂತು ಟೀಚರೇ. ನೀವು ಹೊಲಿದಷ್ಟೂ ತೂತು ಜಾಸ್ತಿ ಆಗ್ತದೆ."

ನನಗೆ ಸಿಟ್ಟು ಬಂತು. "ಹೊಲಿಯದೆ ಬಿಟ್ಟರೆ ಒಂದೇ ದೊಡ್ಡ ತೂತು ಆಗ್ತದೆ ಸಾರ್, ಅದು ಅಡ್ಡಿ ಇಲ್ವಾ?" ಅಂದೆ.

ಆದರೆ ಅವರು ಹೇಳಿದ್ದು ಸರಿ ಇತ್ತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೊಡಪಾನ ಎತ್ತುವಾಗ ಉಪಾಯ ಸಿಕ್ಕಿತು. ಹಲಸಿನಕಾಯಿ ಕೊಯ್ದಾಗ ಸುರಿಯುವ ಅಂಟನ್ನು ಕೋಲಿಗೆ ಸುತ್ತಿ ಇಡುವುದು ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಮಯಣ ಅಂತ ಹೇಳುವುದು. ಕೊಡಪಾನ ಸೋರಿದರೆ ಅದನ್ನು ಬೆಂಕಿಗೆ ಹಿಡಿದು, ಮೆತ್ತಗಾದ ಮೇಲೆ ತೂತಿಗೆ ಮೆತ್ತಿದರೆ ಆಯಿತು. ನೀರು ನಿಲ್ಲಿಸುವ ಮಯಣ ಗಾಳಿ ನಿಲ್ಲಿಸದಾ? ನೆರೆಕರೆಯ ಮಯಣವನ್ನೆಲ್ಲ ಬೇಡಿ ತಂದು ಒಂದೊಂದು ಹೊಲಿಗೆಗೂ ಮೆತ್ತಿದೆ. ಎಲ್ಲಕ್ಕಿಂತ ಕಷ್ಟ ಕೈಗವಸಿನದ್ದು. ಬೆರಳಿಗೊಂದು ಹೊಲಿಗೆ, ಸಂದಿಗೊಂದು ಹೊಲಿಗೆ, ಹಾಗಾಗಿ ಮಯಣವೂ ಅಲ್ಲೇ ಹೆಚ್ಚು ಬಿತ್ತು. ಕೈಗವಸನ್ನು ತೋಳಿಗೇ ಸೇರಿಸಿ ಹೊಲಿದೆ. ಹಾಕಿಕೊಂಡ ಮೇಲೆ ಬೆನ್ನಿನ ಹುಕ್ಕಿನ ಸಾಲಿಗೂ ಒಂದು ಪಟ್ಟಿ ಮೆತ್ತುವುದು ಅಂತಾಯಿತು.

ಡ್ರಿಲ್ ಮಾಷ್ಟ್ರು ಒಳಗೆ ಹೊಕ್ಕರು, ಕುತ್ತಿಗೆಗೆ ಪಟ್ಟಿ ಬಿಗಿದು ಗಾಳಿ ತುಂಬಿಸಿದೆವು. ಸುಯ್ ಇಲ್ಲ, ಪುಸ್ ಇಲ್ಲ! ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಗಾಳಿ ತುಂಬಿದ ಅಂಗಿಯ ಮೊಣಕೈ ಮಡಚುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ಕೂರಿಸಲು ಹೋದರೆ ಮರದ ದಿಮ್ಮಿಯ ಹಾಗೆ ಹಿಂದಕ್ಕೆ ವಾಲಿದರು.

ವಿಜ್ಞಾನದ ಮಾಷ್ಟ್ರು ನಾಟಕದಿಂದ ಕುರ್ಚಿಯನ್ನೇ ತೆಗೆದರು. ಚಂದ್ರಲೋಕಕ್ಕೆ ನಿಂತುಕೊಂಡೇ ಹೋಗುವುದು ಅಂತಾಯಿತು. ಬಸ್ಸಿನಲ್ಲಿ ಸೀಟು ಸಿಗದೆ ಬೆಳ್ತಂಗಡಿಯವರೆಗೆ ನಿಂತೇ ಹೋಗಿ ಅಭ್ಯಾಸ ಇದ್ದ ನಮಗೆ ಅದೊಂದು ದೊಡ್ಡ ವಿಷಯ ಅಂತ ಕಾಣಲಿಲ್ಲ.

೫. ಮಾಡು ನೋಡಿ ಕೇಳಿದ ಪ್ರಶ್ನೆ

ಡ್ರಿಲ್ ಮಾಷ್ಟ್ರಿಗೆ ಒಂದು ಸಂಶಯ ಬಂತು. ಅದನ್ನು ನನ್ನ ಹತ್ತಿರ ಕೇಳಲು ನಾಚಿಕೆ. ವಿಜ್ಞಾನದ ಮಾಷ್ಟ್ರ ಕಿವಿಯಲ್ಲಿ ಹೇಳಿದರು. ಅವರು ಕೆಂಪಾಗಿ ಹೆಡ್‌ಮಾಷ್ಟ್ರ ಕಿವಿಯಲ್ಲಿ ಹೇಳಿದರು. ಹೆಡ್‌ಮಾಷ್ಟ್ರು ನನ್ನ ಕೋಣೆಗೆ ಬಂದು, ಮಾಡಿನ ಹೆಂಚುಗಳನ್ನೇ ನೋಡುತ್ತ, "ಟೀಚರೇ, ಬೆನ್ನಿಗೆ ಮಯಣ ಮೆತ್ತಿದ ಮೇಲೆ, ಆ ಮನುಷ್ಯ, ಒಂದು ವೇಳೆ, ಹೊರಗೆ ಹೋಗಬೇಕು ಅಂತಾದರೆ..." ಅಂದರು.

ನಾನೂ ಮಾಡು ನೋಡಿಯೇ ಉತ್ತರ ಕೊಟ್ಟೆ. "ಆ ದಿನ ಬೆಳಿಗ್ಗೆ ಗಂಜಿಯ ತಿಳಿ ಕುಡಿಯಬೇಡಿ ಅಂತ ಹೇಳಿ ಸಾರ್."

ಆ ಉತ್ತರವೂ ಬಂದ ದಾರಿಯಲ್ಲೇ ಕಿವಿಯಿಂದ ಕಿವಿಗೆ ವಾಪಸ್ಸು ಹೋಯಿತು.

೬. ಸೀಟಿ

ತಲೆಗೆ ಹಾಕುವ ಗುಂಡು ಟೊಪ್ಪಿಯನ್ನು ತಾಮ್ರದ ಹಂಡೆಯ ಮೇಲೆ ಕಾಗದ, ಗೋಂದು ಮೆತ್ತಿ ಮಾಡಿದೆವು. ಮುಖದ ಎದುರಿಗೆ ಫೋಟೋದ ಗಾಜು. ಹಾಕಿ ನಾಲ್ಕು ಉಸಿರು ಬಿಟ್ಟದ್ದೇ ಗಾಜು ಮಂಜಾಯಿತು, ಡ್ರಿಲ್ ಮಾಷ್ಟ್ರು ಸೀದಾ ಹೋಗಿ ಬಾವುಟದ ಕಂಬಕ್ಕೆ ಡಿಕ್ಕಿ ಹೊಡೆದರು. ವಿಜ್ಞಾನದ ಮಾಷ್ಟ್ರು ಟೊಪ್ಪಿಯ ಕೆಳಗೆ ಮೊಳೆಯಿಂದ ತೂತು ಕೊರೆದರು. ನನ್ನ ಸೂಜಿಯ ತೂತಿಗೆ ಅತ್ತವರು ಇವರೇ!

ಇನ್ನು ಮಾತಿನದ್ದು. ಒಳಗಿನ ಮಾತು ಹೊರಗೆ ಕೇಳುವುದಿಲ್ಲ. "ಕಷ್ಟವಾದರೆ ಸೀಟಿ ಊದಿ" ಅಂತ ನಿರ್ಧಾರವಾಯಿತು. ಡ್ರಿಲ್ ಮಾಷ್ಟ್ರ ಕುತ್ತಿಗೆಯಲ್ಲಿ ಸೀಟಿ ಹೇಗೂ ಇರ್ತದೆ, ಟೊಪ್ಪಿ ಹಾಕುವಾಗ ಅದನ್ನು ಬಾಯಲ್ಲಿ ಕಚ್ಚಿಕೊಂಡರೆ ಆಯಿತು. ಅಭ್ಯಾಸದ ದಿನ ಮೂಗು ತುರಿಸಿತೋ ಎಂತದೋ, ಜೋರಾಗಿ ಊದಿಬಿಟ್ಟರು. ಹಂಡೆಯಷ್ಟು ಟೊಪ್ಪಿಯೊಳಗೆ ಆ ಸದ್ದು ಸುತ್ತು ಹೊಡೆದು ಅವರ ಕಿವಿಯೇ ಕೆಪ್ಪಾಯಿತು.

ಅದು ಇರಲಿ. ಸೀಟಿ ಕೇಳಿದ್ದೇ ಎಲ್ಲ ತರಗತಿಗಳಿಂದ ಮಕ್ಕಳು ದಬದಬ ಓಡಿ ಬಂದು ಮೈದಾನದಲ್ಲಿ ಸಾಲು ಹಿಡಿದು ಅಟೆನ್ಶನ್‌ನಲ್ಲಿ ನಿಂತರು. ಅವರಿಗೆ ಕಲಿಸಿದ್ದೇ ಹಾಗೆ. ಇನ್ನು ಡ್ರಿಲ್ ಮಾಷ್ಟ್ರು ಹೇಳದೆ ಅವರು ಕದಲುವುದಿಲ್ಲ. ಡ್ರಿಲ್ ಮಾಷ್ಟ್ರು ಹೇಳಿದ್ದು ಟೊಪ್ಪಿಯಿಂದ ಹೊರಗೆ ಬರುವುದಿಲ್ಲ. ಹೆಡ್‌ಮಾಷ್ಟ್ರು ಹೋಗಿ ಅಂದರೂ ಹೋಗಲಿಲ್ಲ. ಟೊಪ್ಪಿ ಕಳಚುವವರೆಗೆ ಇಡೀ ಶಾಲೆ ಬಿಸಿಲಿನಲ್ಲಿ ಕಂಬದ ಹಾಗೆ ನಿಂತಿತ್ತು. ಹೆಡ್‌ಮಾಷ್ಟ್ರು ಬೆವರು ಒರೆಸಿಕೊಂಡು, "ನನ್ನ ಬೆಲ್ಲಿಗೆ ಇವರು ಒಂದು ದಿನವೂ ಇಷ್ಟು ಬೇಗ ಬಂದದ್ದಿಲ್ಲ" ಅಂದರು.

೭. ಕೈ ಕುಲುಕಿದ್ದು

ವಾರ್ಷಿಕೋತ್ಸವದ ದಿನ ಬಂತು. ಮಧ್ಯಾಹ್ನ ಕಳೆದು ಸಭೆ. ವೇದಿಕೆಯ ಮೇಲೆ ಇನ್‌ಸ್ಪೆಕ್ಟರು ಕೋಟು ಹಾಕಿ, ಮುಖ ಗಂಟು ಹಾಕಿ ಕೂತಿದ್ದರು. ಎದುರಿಗೆ ಮೈಕು. ಆದರೂ ಅಂಗಿಯ ಮೇಲೆ ನನಗೆ ಧೈರ್ಯ ಇತ್ತು, ಅಂಥ ಹೊಲಿಗೆ ಅದು.

ನಾಟಕಕ್ಕೆ ಮೊದಲು ಹೆಡ್‌ಮಾಷ್ಟ್ರ ವರದಿ. ಅಂಗಿ ತೊಟ್ಟು ಬೆನ್ನಿಗೆ ಮಯಣ ಮೆತ್ತಿಸಿಕೊಂಡ ಡ್ರಿಲ್ ಮಾಷ್ಟ್ರು ವೇದಿಕೆಯ ಹಿಂದೆ ಬಿಸಿಲಿನಲ್ಲಿ ಕಾಯುತ್ತಿದ್ದರು. ಮಯಣ ಬಿಸಿಗೆ ಮೆತ್ತಗಾಗ್ತದೆ ಅಂತ ನನಗೆ ಗೊತ್ತಿಲ್ಲದೆ ಅಲ್ಲ, ಬೆಂಕಿಗೆ ಹಿಡಿದು ಮೆತ್ತಿದವಳೇ ನಾನು. ಹೆಡ್‌ಮಾಷ್ಟ್ರ ವರದಿ ಅಷ್ಟು ಉದ್ದ ಇರ್ತದೆ ಅಂತ ಗೊತ್ತಿರಲಿಲ್ಲ.

ನಾಟಕ ಚೆನ್ನಾಗಿಯೇ ನಡೆಯಿತು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಯಾತ್ರಿಕ ಚಂದ್ರಲೋಕದಿಂದ ಇಳಿದು ಬಂದು ಮುಖ್ಯ ಅತಿಥಿಯ ಕೈ ಕುಲುಕಬೇಕು. ಡ್ರಿಲ್ ಮಾಷ್ಟ್ರು ಮರದ ಬೊಂಬೆಯ ಹಾಗೆ ನಡೆದು ಬಂದು ಕೈ ಚಾಚಿದರು. ಇನ್‌ಸ್ಪೆಕ್ಟರು ಮೊದಲ ಸಲ ನಕ್ಕು, ಎದ್ದು ಕೈ ಕೊಟ್ಟರು. ಡ್ರಿಲ್ ಮಾಷ್ಟ್ರು ಗಟ್ಟಿಯಾಗಿ ಹಿಸುಕಿ ಕುಲುಕಿದರು. ಫೋಟೋ ತೆಗೆದಾಯಿತು.

ಇನ್‌ಸ್ಪೆಕ್ಟರು ಕೈ ಎಳೆದುಕೊಂಡರು. ಬರಲಿಲ್ಲ.

ಇನ್ನೊಮ್ಮೆ ಎಳೆದರು. ಡ್ರಿಲ್ ಮಾಷ್ಟ್ರೇ ಒಂದು ಹೆಜ್ಜೆ ಮುಂದೆ ಬಂದರು, ಕೈ ಬರಲಿಲ್ಲ. "ಸಾಕು ಮಾರಾಯ್ರೇ" ಅಂತ ಇನ್‌ಸ್ಪೆಕ್ಟರು ಮೆಲ್ಲಗೆ ಅಂದದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿತು. ನಾನು ವೇದಿಕೆಗೆ ಓಡಿದೆ. ನೋಡಿದರೆ ಐದೂ ಬೆರಳಿಗೆ ಮಯಣ. ನನ್ನ ಕೆಲಸ ಹೋಯಿತು, ಅಣ್ಣ ನೋಡಿಟ್ಟ ಗಂಡೇ ಗತಿ ಅಂದುಕೊಂಡೆ.

"ಕೈಗವಸು ಕಳಚಿ" ಅಂದರು ಇನ್‌ಸ್ಪೆಕ್ಟರು.

"ಕೈಗವಸು ತೋಳಿಗೆ ಸೇರಿ ಉಂಟು ಸಾರ್."

"ಅಂಗಿ ಕಳಚಿ!"

"ಬೆನ್ನಿಗೂ ಮಯಣ ಉಂಟು ಸಾರ್."

"ಕತ್ತರಿ ತನ್ನಿ ಹಾಗಾದರೆ!"

"ತರ್ತೇನೆ ಸಾರ್. ಆದರೆ ಅದು ಕತ್ತರಿಸುವುದಿಲ್ಲ. ಹೊಸದು ಕೇಳಿದ್ದಕ್ಕೆ ಹೋದ ವರ್ಷ ನೀವೇ ಅಗತ್ಯ ಇಲ್ಲ ಅಂದಿದ್ದಿರಿ."

ಮೈದಾನ ಗೊಳ್ಳೆಂದು ನಕ್ಕಿತು. ಟೊಪ್ಪಿಯೊಳಗೆ ಏನೂ ಕೇಳಿಸದ ಡ್ರಿಲ್ ಮಾಷ್ಟ್ರಿಗೆ, ಇದು ಕಷ್ಟದ ಸಂದರ್ಭ ಅಂತ ಮಾತ್ರ ಗೊತ್ತಾಯಿತು. ಸೀಟಿ ಊದಿದರು. ಕೂತಿದ್ದ ಮಕ್ಕಳೆಲ್ಲ ಎದ್ದು ಬಂದು ವೇದಿಕೆಯ ಸುತ್ತ ಸಾಲು ಹಿಡಿದು ನಿಂತರು. ಒಬ್ಬರು ಒಳಗೆ ಬರುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ.

ಮಯಣಕ್ಕೆ ಮದ್ದು ತೆಂಗಿನೆಣ್ಣೆ ಒಂದೇ, ಅದು ಎಲ್ಲರಿಗೂ ಗೊತ್ತು. ಡ್ರಿಲ್ ಮಾಷ್ಟ್ರ ತಾಯಿ ಆಗಲೇ ಮನೆಗೆ ಹೋಗಿ ಬಾಟಲಿ ತಂದಿದ್ದರು, ಆದರೆ ಮಕ್ಕಳ ಸಾಲು ದಾಟಲು ದಾರಿ ಇಲ್ಲ. ನಾನು ಸುಮ್ಮನಿರಲಿಲ್ಲ. ಓಡಿಹೋಗಲು ಆಗದ ಇನ್‌ಸ್ಪೆಕ್ಟರು ನನಗೆ ಇನ್ನು ಯಾವಾಗ ಸಿಗುವುದು? ಅಂಗಿಯ ಒಂದೊಂದು ಹೊಲಿಗೆಯನ್ನೂ ತೋರಿಸಿದೆ. ಎರಡು ಪದರ ಯಾಕೆ, ಬೆರಳಿನ ಸಂದಿಗೆ ಬಟ್ಟೆ ಹೇಗೆ ಕೊಟ್ಟದ್ದು, ನಮ್ಮ ಹುಡುಗಿಯರು ಯಾವ ತೋಳು ಹೊಲಿದದ್ದು, ಎಲ್ಲ ಹೇಳಿದೆ. ಅವರು ಬೇಕಾದರೂ ಬೇಡವಾದರೂ ಕೇಳಿದರು. ಒಂದು ಸಲ ಕೈಯನ್ನು ಜೋರಾಗಿ ಜಗ್ಗಿ ನೋಡಿ, "ಹೊಲಿಗೆ ಬಿಡುವುದಿಲ್ಲ ಅಲ್ವಾ?" ಅಂದರು.

"ನನ್ನ ಹೊಲಿಗೆ ಬಿಡುವುದಿಲ್ಲ ಸಾರ್" ಅಂದೆ.

ಅಷ್ಟರಲ್ಲಿ ಸೂರ್ಯ ಇಳಿಯತೊಡಗಿದ. ತಾಯಿಗೆ ತಡೆಯಲಾಗಲಿಲ್ಲ. ಮಗನ ಬಾಯಿಂದ ದಿನಾ ಕೇಳಿ ಕೇಳಿ ಬಾಯಿಪಾಠ ಆಗಿತ್ತೋ ಏನೋ, "ಅಟ್ ಈಸ್!" ಅಂತ ಒಂದು ಗರ್ಜನೆ ಹಾಕಿದರು. ಸಾಲು ಸಡಿಲವಾಯಿತು. ಅವರು ನುಗ್ಗಿ ಬಂದು ಬಾಟಲಿಯನ್ನು ನನ್ನ ಕೈಯಲ್ಲಿಟ್ಟು, "ಬೇಗ ಬಿಡಿಸಿ ಟೀಚರೇ, ಇವನ ಊಟಕ್ಕೆ ಹೊತ್ತಾಯಿತು" ಅಂದರು.

ನಾನು ಬಾಟಲಿಯ ಮುಚ್ಚಳ ತೆಗೆದೆ. ಇನ್‌ಸ್ಪೆಕ್ಟರು ಆಸೆಯಿಂದ ಕೈ ಮುಂದೆ ಮಾಡಿದರು. ಅದು ಹೇಗೆ ಬಾಯಿಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ, ಬಾಟಲಿಯನ್ನು ಓರೆ ಮಾಡದೆ ಹಾಗೇ ಹಿಡಿದು ಕೇಳಿಬಿಟ್ಟೆ.

"ಸಾರ್, ನನ್ನ ಹುದ್ದೆಯ ವಿಷಯ ಎಂತಾಯಿತು?"

ಇನ್‌ಸ್ಪೆಕ್ಟರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಗಾಜಿನ ಹಿಂದೆ ಮೀಸೆ ಮಾತ್ರ ಕಾಣುವ ಡ್ರಿಲ್ ಮಾಷ್ಟ್ರನ್ನು ನೋಡಿದರು.

"ಉಂಟು ಟೀಚರೇ, ಹುದ್ದೆ ಉಂಟು! ಕತ್ತರಿಯೂ ಉಂಟು! ಮೊದಲು ಎಣ್ಣೆ ಹಾಕಿ!"

ಮೈಕು ಆಗಲೂ ಆನ್ ಇತ್ತು. ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತವರಿಗೂ ಕೇಳಿತಂತೆ.